ಸಿ ಡ್ರೈವ್‌ನಲ್ಲಿ ಜಾಗ ಇಲ್ಲ, ಡಿ ಡ್ರೈವ್ ಖಾಲಿ ಬಿದ್ದಿದೆ

ನಮ್ಮ ನೆಂಟರಿಷ್ಟರಲ್ಲಿ ಯಾರ ಲ್ಯಾಪ್‌ಟಾಪ್ ತೆಗೆದು ನೋಡಿದರೂ ಇದೇ ಕಥೆ. ಸಿ ಡ್ರೈವ್ 128 ಜಿಬಿಯ ಎಸ್‌ಎಸ್‌ಡಿ, ಡಿ ಡ್ರೈವ್ 1 ಟಿಬಿಯ ಹಾರ್ಡ್ ಡಿಸ್ಕ್. ಕೆಲವು ವರ್ಷಗಳ ಹಿಂದೆ ಅಂಗಡಿಯವರು ಇದನ್ನು ‘ಸ್ಪೀಡೂ ಇದೆ, ಜಾಗಾನೂ ಇದೆ ಸಾರ್’ ಅಂತ ಹೇಳಿ ಮಾರುತ್ತಿದ್ದರು. ಮಾತು ಸುಳ್ಳೇನಲ್ಲ. ಆದರೆ ಆ 128ನ್ನು ವಿಂಡೋಸ್ 119 ಅಂತ ತೋರಿಸುತ್ತದೆ, ಯಾಕೆಂದರೆ ಡಿಸ್ಕ್ ಮಾಡುವವರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅದರಲ್ಲಿ ವಿಂಡೋಸ್ ತಾನೇ ಒಂದು ದೊಡ್ಡ ಪಾಲು ತೆಗೆದುಕೊಳ್ಳುತ್ತದೆ, ಆಫೀಸ್ ಒಂದಿಷ್ಟು, ಅಪ್‌ಡೇಟ್‌ಗಳು ಒಂದಿಷ್ಟು. ಉಳಿದ ಜಾಗ ಶೇಕಡಾ 10ಕ್ಕಿಂತ ಕಡಿಮೆ ಆದ ತಕ್ಷಣ ಡ್ರೈವ್ ಹೆಸರಿನ ಕೆಳಗಿರುವ ನೀಲಿ ಪಟ್ಟಿ ಕೆಂಪಾಗುತ್ತದೆ. ಪಕ್ಕದಲ್ಲೇ ಡಿ ಡ್ರೈವ್‌ನಲ್ಲಿ ನಾಲ್ಕು ಸಿನಿಮಾ, ಒಂದು ಮದುವೆ ವಿಡಿಯೋ ಬಿಟ್ಟರೆ ಏನೂ ಇರುವುದಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವುದು ಫೋಟೋ, ಡೌನ್‌ಲೋಡ್ಸ್ ಎಲ್ಲವನ್ನೂ ಡಿಗೆ ಹಾಕುವುದು. ಸರಿಯಾದ ಕೆಲಸವೇ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ‘ಲೊಕೇಶನ್’ ಅಂತ ಒಂದು ಟ್ಯಾಬ್ ಇರುತ್ತದೆ. ಅಲ್ಲಿ ಹೊಸ ಜಾಗ ಕೊಟ್ಟರೆ ವಿಂಡೋಸೇ ಎಲ್ಲವನ್ನೂ ಸಾಗಿಸುತ್ತದೆ, ಮುಂದೆ ಬರುವ ಫೈಲ್‌ಗಳೂ ಅಲ್ಲಿಗೇ ಹೋಗುತ್ತವೆ. ಇಷ್ಟು ಮಾಡಿದ ಮೇಲೂ ಪಟ್ಟಿ ಕೆಂಪಾಗೇ ಇದ್ದರೆ ಎರಡನೇ ಹಂತಕ್ಕೆ ಇಳಿಯುತ್ತಾರೆ. ಪ್ರೋಗ್ರಾಂ ಫೈಲ್ಸ್‌ನಿಂದ ಒಂದು ಫೋಲ್ಡರ್ ಎತ್ತಿ ಡಿ ಡ್ರೈವ್‌ಗೆ ಕಟ್-ಪೇಸ್ಟ್. ದಯವಿಟ್ಟು ಬೇಡ. ಪ್ರೋಗ್ರಾಂ ಇನ್‌ಸ್ಟಾಲ್ ಆಗುವಾಗ ತಾನು ಎಲ್ಲಿದ್ದೇನೆ ಅಂತ ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್ಸ್ ಬರೆದಿಡುವ ದಫ್ತರ), ಶಾರ್ಟ್‌ಕಟ್‌ಗಳಲ್ಲಿ, ಕೆಲವೊಮ್ಮೆ ಹಿನ್ನೆಲೆಯಲ್ಲಿ ಓಡುವ ಸರ್ವೀಸ್‌ಗಳಲ್ಲೂ ಬರೆದಿಟ್ಟಿರುತ್ತದೆ. ನೀವು ಎತ್ತಿಕೊಂಡು ಹೋದದ್ದು ಅವುಗಳಿಗೆ ಗೊತ್ತೇ ಇರುವುದಿಲ್ಲ. ಅದೂ ಅಲ್ಲದೆ, ಪ್ರೋಗ್ರಾಂ ಸಾಗಿಸಿ ಉಳಿಯುವ ಜಾಗ ಬಹಳ ಕಡಿಮೆ. ಒಂದು ಮೇಲ್ ಪ್ರೋಗ್ರಾಂ ಅಂದರೆ ಕೆಲವು ನೂರು ಎಂಬಿ. ಅದು ಕೂಡಿಹಾಕಿಕೊಂಡ ಮೇಲ್‌ಗಳು ಹತ್ತಾರು ಜಿಬಿ.

ಆ ಕೂಡಿಹಾಕಿದ್ದೆಲ್ಲ ಇರುವುದು ಆ್ಯಪ್‌ಡೇಟಾ ಅನ್ನುವ ಫೋಲ್ಡರ್‌ನಲ್ಲಿ. ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಅದರೊಳಗೆ ಆ್ಯಪ್‌ಡೇಟಾ. ಸಾಮಾನ್ಯವಾಗಿ ಕಾಣಿಸುವುದಿಲ್ಲ, ವಿಂಡೋಸ್ ಬಚ್ಚಿಟ್ಟಿರುತ್ತದೆ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿದರೆ ಮಸುಕು ಬಣ್ಣದಲ್ಲಿ ಕಾಣುತ್ತದೆ. ಅದರೊಳಗೆ ಮೂರು ಫೋಲ್ಡರ್: ಲೋಕಲ್, ಲೋಕಲ್‌ಲೋ, ರೋಮಿಂಗ್. ರೋಮಿಂಗ್ ಅನ್ನುವುದು ದೊಡ್ಡ ಆಫೀಸುಗಳಿಗೆ ಅಂತ ಮಾಡಿದ್ದು. ಉದ್ಯೋಗಿ ಯಾವ ಕಂಪ್ಯೂಟರ್ ಮುಂದೆ ಕೂತು ಲಾಗಿನ್ ಆದರೂ ಅವನ ಸೆಟ್ಟಿಂಗ್ಸ್ ಹಿಂದೆಯೇ ಬರಲಿ ಅನ್ನುವ ಲೆಕ್ಕ. ಲೋಕಲ್ ಅಂದರೆ ಈ ಒಂದು ಕಂಪ್ಯೂಟರ್‌ಗೆ ಮಾತ್ರ ಸೇರಿದ್ದು, ಕ್ಯಾಶ್ (ಮತ್ತೆ ಬೇಗ ಸಿಗಲಿ ಅಂತ ಕೂಡಿಟ್ಟ ತಾತ್ಕಾಲಿಕ ಫೈಲ್‌ಗಳು) ಎಲ್ಲ ಜಾಸ್ತಿ ಅಲ್ಲೇ. ಲೋಕಲ್‌ಲೋ ನೀವು ಮರೆತರೂ ನಡೆಯುತ್ತದೆ. ಯಾವ ಪ್ರೋಗ್ರಾಂ ಯಾವುದರಲ್ಲಿ ಏನಿಡಬೇಕು ಅನ್ನುವ ಶಿಸ್ತು ಎಲ್ಲರಿಗೂ ಇಲ್ಲ, ಹಾಗಾಗಿ ಹುಡುಕಬೇಕು.

ಹುಡುಕುವುದಕ್ಕೆ ನಾನು ಬಳಸುವುದು ವಿಜ್‌ಟ್ರೀ. ಎನ್‌ಟಿಎಫ್‌ಎಸ್ (ವಿಂಡೋಸ್ ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಡ್ರೈವ್‌ನ ಫೈಲ್ ಪಟ್ಟಿಯನ್ನೇ ನೇರವಾಗಿ ಓದುವುದರಿಂದ ಇಡೀ ಸಿ ಡ್ರೈವ್ ಕ್ಷಣದಲ್ಲಿ ಮುಂದೆ ಬಂದು ನಿಲ್ಲುತ್ತದೆ, ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ವಿನ್‌ಡರ್‌ಸ್ಟ್ಯಾಟ್ ಕೂಡ ಇದೇ ಕೆಲಸ ಮಾಡುತ್ತದೆ. ಇದನ್ನು ನೋಡದೆ ಏನನ್ನೂ ಸಾಗಿಸಬೇಡಿ. ‘ಕ್ರೋಮೇ ತಿಂತಿರೋದು’ ಅಂತ ಎಲ್ಲರೂ ಖಂಡಿತವಾಗಿ ಹೇಳುತ್ತಾರೆ, ತೆಗೆದು ನೋಡಿದರೆ ಕ್ರೋಮ್ ನಾಲ್ಕನೇ ಸ್ಥಾನದಲ್ಲಿರುತ್ತದೆ.

ಬಸವನಗುಡಿಯಲ್ಲಿರುವ ನಮ್ಮ ಅತ್ತಿಗೆಯ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಆಗಿತ್ತು. ಅವರು ಮನೆಯಿಂದಲೇ ಒಂದಿಷ್ಟು ಅಂಗಡಿಯವರ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ಸ್ ನೋಡಿಕೊಳ್ಳುತ್ತಾರೆ. ಮೇಲ್‌ಗೆ ಥಂಡರ್‌ಬರ್ಡ್. ‘ಏನೋ, ಮೇಲ್ ಬರ್ತಾನೇ ಇಲ್ಲ ಕಣೋ, 20ನೇ ತಾರೀಕು ಹತ್ರ ಬಂತು, ಎಲ್ಲರೂ ಬಿಲ್ ಕಳಿಸಿದೀವಿ ಅಂತಿದಾರೆ’ ಅಂತ ಫೋನ್. ‘ಅತ್ತಿಗೆ, ಸಿ ಡ್ರೈವ್ ನೋಡಿ, ಕೆಂಪಾಗಿದ್ಯಾ?’ ಅಂದೆ. ‘ಅದು ಯಾವಾಗಲೂ ಕೆಂಪೇ’ ಅಂದರು.

ಇಲ್ಲಿ ಒಂದು ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಥಂಡರ್‌ಬರ್ಡ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಪ್ರತಿ ಮೇಲ್ ಫೋಲ್ಡರ್‌ಗೆ ಎರಡು ಫೈಲ್ ಇಡುತ್ತದೆ. ‘ಇನ್‌ಬಾಕ್ಸ್’ ಅಂತ ಒಂದು, ಹೆಸರಿನ ಕೊನೆಯಲ್ಲಿ ಎಕ್ಸ್‌ಟೆನ್ಷನ್ ಏನೂ ಇಲ್ಲದ್ದು. ಮೇಲ್‌ಗಳೆಲ್ಲ ಒಂದರ ಹಿಂದೆ ಒಂದು ಅದರಲ್ಲೇ ಅಂಟಿಕೊಂಡಿರುತ್ತವೆ. ಅದರ ಪಕ್ಕ ಎಂಎಸ್‌ಎಫ್ ಅಂತ ಕೊನೆಯಾಗುವ ಇನ್ನೊಂದು, ಅದು ಬರೀ ಸೂಚಿ, ಹೋದರೂ ಮತ್ತೆ ಹುಟ್ಟುತ್ತದೆ. ನೀವು ಒಂದು ಮೇಲ್ ಡಿಲೀಟ್ ಮಾಡಿದರೆ ಆ ದೊಡ್ಡ ಫೈಲ್‌ನಲ್ಲಿ ‘ಇದು ಬೇಡ’ ಅಂತ ಗುರುತು ಬೀಳುತ್ತದೆ, ಅಷ್ಟೇ. ಜಾಗ ವಾಪಸ್ ಬರುವುದಿಲ್ಲ. ಜಾಗ ಬರಬೇಕಾದರೆ ಕಾಂಪ್ಯಾಕ್ಟ್ ಮಾಡಬೇಕು. ಕಾಂಪ್ಯಾಕ್ಟ್ ಹೇಗೆ ನಡೆಯುತ್ತದೆ ಅಂದರೆ, ಬೇಕಾದ ಮೇಲ್‌ಗಳನ್ನೆಲ್ಲ ಒಂದು ಹೊಸ ಫೈಲ್‌ಗೆ ಬರೆದು, ಆಮೇಲೆ ಹಳೆಯದನ್ನು ತೆಗೆಯುತ್ತದೆ. ಅಂದರೆ ಜಾಗ ಉಳಿಸುವ ಕೆಲಸಕ್ಕೇ ಮೊದಲು ಜಾಗ ಬೇಕು. ಸಿ ಡ್ರೈವ್ ತುಂಬಿದ ಮೇಲೆ ಅದು ಆಗುವುದಿಲ್ಲ. ಅತ್ತಿಗೆ ಎಷ್ಟು ಮೇಲ್ ಡಿಲೀಟ್ ಮಾಡಿದರೂ ಪಟ್ಟಿ ಒಂದು ಕೂದಲಷ್ಟೂ ಕದಲದೆ ಇದ್ದದ್ದು ಇದಕ್ಕೇ.

ಥಂಡರ್‌ಬರ್ಡ್‌ನ ಡೇಟಾ ಇರುವುದು ರೋಮಿಂಗ್ ಒಳಗಿನ ಥಂಡರ್‌ಬರ್ಡ್, ಅದರೊಳಗಿನ ಪ್ರೊಫೈಲ್ಸ್ ಫೋಲ್ಡರ್‌ನಲ್ಲಿ. ಎಂಟು ಅಕ್ಷರದ ಅರ್ಥವಿಲ್ಲದ ಹೆಸರು, ಒಂದು ಚುಕ್ಕೆ, ಆಮೇಲೆ ‘ಡಿಫಾಲ್ಟ್’ ಅಂತೇನೋ. ಆ ಒಂದು ಫೋಲ್ಡರೇ ಸರ್ವಸ್ವ. ಮೇಲ್, ಅಕೌಂಟ್, ಪಾಸ್‌ವರ್ಡ್, ವಿಳಾಸ ಪುಸ್ತಕ, ಫಿಲ್ಟರ್‌ಗಳು, ಎಲ್ಲ ಅದರಲ್ಲೇ. ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಬೇಕಾದರೆ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್ ತೆರೆಯಿರಿ, ಪ್ರೊಫೈಲ್ ಫೋಲ್ಡರ್ ಅನ್ನುವ ಸಾಲಿನಲ್ಲಿ ಬಟನ್ ಇದೆ, ಒತ್ತಿದರೆ ಆ ಫೋಲ್ಡರೇ ತೆರೆದುಕೊಳ್ಳುತ್ತದೆ.

ಇದನ್ನು ಸಾಗಿಸಲು ಯಾವ ಮಂತ್ರವೂ ಬೇಡ, ಥಂಡರ್‌ಬರ್ಡ್‌ನಲ್ಲೇ ದಾರಿ ಇದೆ. ಮೊದಲು ಪ್ರೋಗ್ರಾಂ ಪೂರ್ತಿ ಮುಚ್ಚಬೇಕು. ಪೂರ್ತಿ ಅಂದರೆ ಟಾಸ್ಕ್ ಮ್ಯಾನೇಜರ್‌ನಲ್ಲೂ ಕಾಣಬಾರದು. ಈ ಪ್ರೊಫೈಲ್‌ಗಳ ಒಳಗೆ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲ್‌ಗಳು ಇರುತ್ತವೆ, ಪ್ರೋಗ್ರಾಂ ನಡೆಯುತ್ತಿರುವಾಗ ಕಾಪಿ ಮಾಡಿದರೆ ಅರ್ಧ ಬರೆದ ಸ್ಥಿತಿಯಲ್ಲಿ ಬರಬಹುದು. ಆಮೇಲೆ ಆ ಫೋಲ್ಡರನ್ನು ಡಿ ಡ್ರೈವ್‌ಗೆ ಕಾಪಿ ಮಾಡಿ. ಕಟ್ ಬೇಡ, ಕಾಪಿ. ಮಳೆ ಬಂದರೆ ಕರೆಂಟ್ ಹೋಗುವ ಏರಿಯಾದಲ್ಲಿ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಮೇಲೆ ಕಟ್-ಪೇಸ್ಟ್ ಮಾಡುವವರ ಧೈರ್ಯ ನನಗಿಲ್ಲ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಥಂಡರ್‌ಬರ್ಡ್ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ಮೈನಸ್ ಪಿ ಅಂತ ಕೊಟ್ಟರೆ ಪ್ರೊಫೈಲ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಹೊಸ ಪ್ರೊಫೈಲ್ ಮಾಡುವಾಗ ‘ಚೂಸ್ ಫೋಲ್ಡರ್’ ಒತ್ತಿ ಡಿ ಡ್ರೈವ್‌ನಲ್ಲಿ ಕಾಪಿ ಮಾಡಿದ ಫೋಲ್ಡರನ್ನೇ ತೋರಿಸಿ. ಮೇಲ್‌ಗಳೆಲ್ಲ ಇದ್ದ ಹಾಗೇ ಕಾಣಿಸಿಕೊಳ್ಳುತ್ತವೆ. ಫೈರ್‌ಫಾಕ್ಸ್‌ಗೂ ಇದೇ ದಾರಿ, ಇಬ್ಬರೂ ಮೊಜಿಲ್ಲಾ ಮನೆಯವರೇ.

ಒಂದೇ ಒಂದು ಎಚ್ಚರ. ಅದೇ ಪ್ರೊಫೈಲ್ ಮ್ಯಾನೇಜರ್‌ನಲ್ಲಿ ಹಳೇ ಪ್ರೊಫೈಲ್ ತೆಗೆಯಲು ಹೋದರೆ ‘ಫೈಲ್‌ಗಳನ್ನೂ ಅಳಿಸಲೇ, ಬೇಡವೇ’ ಅಂತ ಕೇಳುತ್ತದೆ. ಬೇಡ ಅನ್ನಿ. ಕೆಲವು ದಿನ ಎಲ್ಲ ಸರಿಯಾಗಿ ನಡೆದ ಮೇಲೆ ಹಳೇ ಫೋಲ್ಡರನ್ನು ನೀವೇ ಕೈಯಾರೆ ಅಳಿಸಿದರಾಯಿತು. ಡಿಗೆ ಹೋದ ಮೇಲೆ ಅತ್ತಿಗೆ ಮೊದಲು ಮಾಡಿದ ಕೆಲಸ ಕಾಂಪ್ಯಾಕ್ಟ್, ಈಗ ಅದಕ್ಕೆ ಓಡಾಡಲು ಜಾಗ ಇತ್ತು.

ನನ್ನ ಒಂದೇ ನಿಯಮ ಇದು: ಮೊದಲು ಪ್ರೋಗ್ರಾಂ ಅನ್ನೇ ಕೇಳಿ. ‘ನಿನ್ನ ಡೇಟಾ ಬೇರೆ ಕಡೆ ಇಟ್ಟುಕೊಳ್ಳುತ್ತೀಯಾ’ ಅಂತ. ಹುಡುಕಿದರೆ ಅರ್ಧಕ್ಕಿಂತ ಜಾಸ್ತಿ ಪ್ರೋಗ್ರಾಂಗಳು ಹೂಂ ಅನ್ನುತ್ತವೆ. ಸ್ಟೀಮ್‌ಗೆ ಸೆಟ್ಟಿಂಗ್ಸ್‌ನಲ್ಲೇ ಸ್ಟೋರೇಜ್ ಅಂತ ಇದೆ, ಆಟಗಳನ್ನು ಒಂದೊಂದಾಗಿ ಇನ್ನೊಂದು ಡ್ರೈವ್‌ಗೆ ಸಾಗಿಸುತ್ತದೆ. ಕೋಡ್ ಬರೆಯುವ ವಿಎಸ್ ಕೋಡ್‌ನ ಜಿಪ್ ಆವೃತ್ತಿ ತಂದು, ಬಿಚ್ಚಿದ ಫೋಲ್ಡರ್ ಒಳಗೆ ‘ಡೇಟಾ’ ಅಂತ ಒಂದು ಖಾಲಿ ಫೋಲ್ಡರ್ ಮಾಡಿಟ್ಟರೆ ಸೆಟ್ಟಿಂಗ್ಸ್, ಎಕ್ಸ್‌ಟೆನ್ಷನ್ ಎಲ್ಲ ಅದರೊಳಗೇ ಕೂರುತ್ತವೆ. ಆಂಡ್ರಾಯ್ಡ್ ಆ್ಯಪ್ ಬರೆಯುವ ಹುಡುಗರ ಯೂಸರ್ ಫೋಲ್ಡರ್ ನೋಡಿದರೆ ಆ್ಯಪ್ ಕಟ್ಟಿಕೊಡುವ ಗ್ರೇಡಲ್ ಮತ್ತು ಕಂಪ್ಯೂಟರ್‌ನಲ್ಲೇ ಫೋನಿನ ಹಾಗೆ ಓಡುವ ಎಮ್ಯುಲೇಟರ್ ಎರಡೇ ಸೇರಿ ಸಿ ಡ್ರೈವ್ ಮುಗಿಸಿರುತ್ತವೆ. ಎರಡಕ್ಕೂ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ಓದಿಕೊಳ್ಳಲಿ ಅಂತ ವಿಂಡೋಸ್‌ನಲ್ಲಿ ಒಂದು ಹೆಸರಿನಡಿ ಬರೆದಿಡುವ ಮಾಹಿತಿ) ಇದೆ, ಗ್ರೇಡಲ್ ಯೂಸರ್ ಹೋಮ್, ಆಂಡ್ರಾಯ್ಡ್ ಎವಿಡಿ ಹೋಮ್ ಅಂತ. ಮನೆಯಲ್ಲೇ ಎಐ ಮಾಡೆಲ್ ಓಡಿಸುವ ಒಲ್ಲಾಮಾಗೂ ಅಷ್ಟೇ, ಒಲ್ಲಾಮಾ ಮಾಡೆಲ್ಸ್ ಅನ್ನುವ ವೇರಿಯಬಲ್‌ಗೆ ಹೊಸ ಜಾಗ ಕೊಟ್ಟರೆ ಮುಗಿಯಿತು. ಹೆಸರುಗಳ ನಡುವೆ ಅಂಡರ್‌ಸ್ಕೋರ್ ಹಾಕಿ, ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಬೇಕು. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ತಂದ ಆ್ಯಪ್‌ಗಳಿಗೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪುಟದಲ್ಲಿ ‘ಮೂವ್’ ಬಟನ್ ಇರುತ್ತದೆ, ಆದರೆ ಕೆಲವದಕ್ಕೆ ಅದು ಮಸುಕಾಗಿರುತ್ತದೆ, ಒತ್ತಲು ಬರುವುದಿಲ್ಲ.

ಇನ್ನು, ಕೇಳಿದರೂ ಉತ್ತರ ಕೊಡದವು. ಇದಕ್ಕೆ ಐಟ್ಯೂನ್ಸ್‌ಗಿಂತ ಒಳ್ಳೇ ಉದಾಹರಣೆ ಇಲ್ಲ. ಐಫೋನ್ ಬ್ಯಾಕಪ್ ಎಲ್ಲಿ ಹೋಗಬೇಕು ಅಂತ ಆರಿಸಲು ಅದರಲ್ಲಿ ಜಾಗವೇ ಇಲ್ಲ. ಹೋಗುವುದು ಸಿ ಡ್ರೈವ್‌ಗೇ. ಆ್ಯಪಲ್ ಸೈಟ್‌ನಿಂದ ತಂದ ಐಟ್ಯೂನ್ಸ್ ಆದರೆ ರೋಮಿಂಗ್ ಒಳಗೆ ಆ್ಯಪಲ್ ಕಂಪ್ಯೂಟರ್, ಮೊಬೈಲ್‌ಸಿಂಕ್, ಬ್ಯಾಕಪ್. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದದ್ದಾದರೆ ನಿಮ್ಮ ಹೆಸರಿನ ಫೋಲ್ಡರ್‌ನಲ್ಲೇ ಆ್ಯಪಲ್, ಮೊಬೈಲ್‌ಸಿಂಕ್, ಬ್ಯಾಕಪ್. ಒಳಗೆ ಫೋನಿನ ಗುರುತಿನ ಸಂಖ್ಯೆಯೇ ಫೋಲ್ಡರ್ ಹೆಸರು, ಅದರೊಳಗೆ ಎರಡೆರಡು ಅಕ್ಷರದ ನೂರಾರು ಫೋಲ್ಡರ್‌ಗಳು, ಅವುಗಳೊಳಗೆ ಓದಲಾಗದ ಉದ್ದುದ್ದ ಹೆಸರಿನ ಫೈಲ್‌ಗಳು. ಫೋಟೋ ಯಾವುದು, ಮೆಸೇಜ್ ಯಾವುದು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಒಂದನ್ನು ತೆಗೆದರೂ ಬ್ಯಾಕಪ್ ಕೆಡಬಹುದು. ಅತ್ತಿಗೆ ಮಗಳ ಫೋನಿನ ಬ್ಯಾಕಪ್ ಇದೇ ಲ್ಯಾಪ್‌ಟಾಪ್‌ನಲ್ಲಿತ್ತು, ವಿಜ್‌ಟ್ರೀಯಲ್ಲಿ ಮೊದಲ ಸಾಲೇ ಅದು. ಮೇಲ್ ಎರಡನೆಯದು.

ಇಂಥದ್ದಕ್ಕೆ ಜಂಕ್ಷನ್. ಮನೆ ಬದಲಾಯಿಸಿದವರು ಹಳೇ ಮನೆ ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸಿ ಹೋಗುತ್ತಾರಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಇಲ್ಲಿ ಬಂದವರಿಗೆ ಚೀಟಿ ಕಾಣುವುದೇ ಇಲ್ಲ, ಬಾಗಿಲು ತೆರೆದರೆ ನೇರ ಹೊಸ ಮನೆಯೊಳಗೇ ಇರುತ್ತಾರೆ. ಐಟ್ಯೂನ್ಸ್ ತಾನು ಸಿ ಡ್ರೈವ್‌ಗೇ ಬರೆಯುತ್ತಿದ್ದೇನೆ ಅಂದುಕೊಂಡಿರುತ್ತದೆ, ಬೀಳುವುದು ಡಿಯಲ್ಲಿ. ವಿಂಡೋಸ್ 2000ದಿಂದಲೂ ಈ ಸೌಲಭ್ಯ ಎನ್‌ಟಿಎಫ್‌ಎಸ್‌ನಲ್ಲಿ ಇದೆ. ಇದೇನೋ ಕಳ್ಳದಾರಿ ಅಂತ ಹೆದರುವವರು ಒಂದು ಪ್ರಯೋಗ ಮಾಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಿ ಡ್ರೈವ್‌ನ ಬುಡಕ್ಕೆ ಹೋಗಿ ಡಿಐಆರ್, ಸ್ಪೇಸ್, ಸ್ಲ್ಯಾಶ್ ಎಎಲ್ ಅಂತ ಕೊಟ್ಟು ನೋಡಿ. ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಅಂತ ಒಂದು ಜಂಕ್ಷನ್ ಕಾಣುತ್ತದೆ, ಅದು ಯೂಸರ್ಸ್ ಫೋಲ್ಡರ್ ಕಡೆ ತೋರಿಸುತ್ತಿರುತ್ತದೆ. ಎಕ್ಸ್‌ಪಿ ಕಾಲದ ಹೆಸರು ಅದು. ವಿಸ್ಟಾದಲ್ಲಿ ಜಾಗ ಬದಲಾದಾಗ ಹಳೇ ಪ್ರೋಗ್ರಾಂಗಳು ದಾರಿ ತಪ್ಪಬಾರದು ಅಂತ ಮೈಕ್ರೋಸಾಫ್ಟೇ ಹಾಕಿಟ್ಟದ್ದು. ಎಕ್ಸ್‌ಪ್ಲೋರರ್‌ನಲ್ಲಿ ಅದರ ಮೇಲೆ ಕ್ಲಿಕ್ ಮಾಡಿದರೆ ಪ್ರವೇಶ ಇಲ್ಲ ಅನ್ನುತ್ತದೆ, ಅದು ಬೇಕೆಂದೇ ಹಾಗೆ.

ಮಾಡುವ ರೀತಿ. ಐಟ್ಯೂನ್ಸ್ ಮುಚ್ಚಿ. ಬ್ಯಾಕಪ್ ಫೋಲ್ಡರನ್ನು ಡಿ ಡ್ರೈವ್‌ಗೆ ಕಾಪಿ ಮಾಡಿ. ಇಷ್ಟೊಂದು ಸಣ್ಣ ಸಣ್ಣ ಫೈಲ್ ಇದ್ದಾಗ ಎಕ್ಸ್‌ಪ್ಲೋರರ್‌ಗಿಂತ ರೋಬೋಕಾಪಿ ಮೇಲು, ಅದು ವಿಂಡೋಸ್ ಜೊತೆಗೇ ಬರುತ್ತದೆ, 260 ಅಕ್ಷರಕ್ಕಿಂತ ಉದ್ದದ ಪಾತ್ (ಫೈಲ್‌ನ ಪೂರ್ತಿ ವಿಳಾಸ) ಬಂದರೂ ಮುಗ್ಗರಿಸುವುದಿಲ್ಲ. ಮೊದಲು ಮೂಲ, ಆಮೇಲೆ ಗುರಿ, ಕೊನೆಗೆ ಸ್ಲ್ಯಾಶ್ ಇ (ಒಳಗಿನ ಫೋಲ್ಡರ್‌ಗಳೆಲ್ಲ ಬರಲಿ ಅಂತ) ಮತ್ತು ಸ್ಲ್ಯಾಶ್ ಎಕ್ಸ್‌ಜೆ (ಒಳಗೆ ಈಗಾಗಲೇ ಇರುವ ಜಂಕ್ಷನ್‌ಗಳ ಹಿಂದೆ ಓಡಬೇಡ ಅಂತ). ಯಾರೋ ಸ್ಲ್ಯಾಶ್ ಎಂಐಆರ್ ಹಾಕಿ ಅಂತ ಹೇಳಿಕೊಟ್ಟರೆ ಒಂದು ಕ್ಷಣ ನಿಲ್ಲಿ. ಅದು ಮೂಲದಲ್ಲಿ ಇಲ್ಲದ್ದನ್ನೆಲ್ಲ ಗುರಿಯಲ್ಲಿ ಅಳಿಸುತ್ತದೆ. ಗುರಿ ಅಂತ ಹೊಸ ಖಾಲಿ ಫೋಲ್ಡರ್ ಬದಲು ಸುಮ್ನೆ ಡಿ ಡ್ರೈವ್ ಅಂತ ಕೊಟ್ಟರೆ ಮದುವೆ ವಿಡಿಯೋನೂ ಹೋಗುತ್ತದೆ.

ಕಾಪಿ ಮುಗಿದ ಮೇಲೆ ಎರಡೂ ಫೋಲ್ಡರ್‌ನ ಪ್ರಾಪರ್ಟೀಸ್ ತೆಗೆದು ಫೈಲ್‌ಗಳ ಸಂಖ್ಯೆ ಒಂದೇ ಇದೆಯಾ ನೋಡಿ. ಸಿಯಲ್ಲಿರುವ ಹಳೆಯದಕ್ಕೆ ‘ಬ್ಯಾಕಪ್-ಹಳೇದು’ ಅಂತ ಹೆಸರು ಬದಲಾಯಿಸಿ, ಈಗಲೇ ಅಳಿಸಬೇಡಿ, ಕೆಲವು ದಿನ ಎಲ್ಲ ಸರಿಯಾಗಿ ನಡೆದ ಮೇಲೆ ಅಳಿಸಿದರಾಯಿತು. ಈಗ ಆ ಹೆಸರಿನ ಜಾಗ ಖಾಲಿ ಆಯಿತು. ಅಲ್ಲಿ ಜಂಕ್ಷನ್ ಕೂರಿಸಬೇಕು. ಕಮಾಂಡ್ ಪ್ರಾಂಪ್ಟ್ ತೆರೆದು ಎಂಕೆಲಿಂಕ್, ಸ್ಪೇಸ್, ಸ್ಲ್ಯಾಶ್ ಜೆ, ಸ್ಪೇಸ್, ಸಿಯಲ್ಲಿದ್ದ ಹಳೇ ವಿಳಾಸ, ಸ್ಪೇಸ್, ಡಿಯಲ್ಲಿರುವ ಹೊಸ ವಿಳಾಸ. ಎರಡು ವಿಳಾಸವನ್ನೂ ಡಬಲ್ ಕೋಟ್ ಒಳಗೆ ಹಾಕಿ, ‘ಆ್ಯಪಲ್ ಕಂಪ್ಯೂಟರ್’ ಅನ್ನುವ ಹೆಸರಿನಲ್ಲೇ ಸ್ಪೇಸ್ ಇದೆ. ಕ್ರಮ ಗಮನಿಸಿ, ಎಲ್ಲರೂ ಉಲ್ಟಾ ಮಾಡುವುದು ಇಲ್ಲೇ. ಕಾಪಿ ಮಾಡುವಾಗ ಇರುವುದು ಮೊದಲು, ಹೋಗಬೇಕಾದದ್ದು ಆಮೇಲೆ. ಎಂಕೆಲಿಂಕ್‌ನಲ್ಲಿ ಹೊಸದಾಗಿ ಹುಟ್ಟಬೇಕಾದ ಕೊಂಡಿ ಮೊದಲು, ನಿಜವಾದ ಫೋಲ್ಡರ್ ಆಮೇಲೆ. ಸರಿಯಾಗಿದ್ದರೆ ‘ಜಂಕ್ಷನ್ ಕ್ರಿಯೇಟೆಡ್’ ಅಂತ ಬಂದು ಎರಡು ವಿಳಾಸದ ನಡುವೆ ಎರಡೂ ಕಡೆ ಬಾಣದ ಗುರುತು ತೋರಿಸುತ್ತದೆ. ಆ ಜಾಗದಲ್ಲಿ ಫೋಲ್ಡರ್ ಐಕಾನ್ ಮೇಲೆ ಶಾರ್ಟ್‌ಕಟ್‌ನ ಪುಟ್ಟ ಬಾಣ ಬರುತ್ತದೆ, ಒಳಗೆ ಹೋದರೆ ಡಿಯಲ್ಲಿರುವುದೆಲ್ಲ ಕಾಣುತ್ತದೆ.

ವಿಂಡೋಸ್ 11ರಲ್ಲಿ ಟರ್ಮಿನಲ್ ತೆರೆದರೆ ಬರುವುದು ಪವರ್‌ಶೆಲ್, ಅಲ್ಲಿ ಎಂಕೆಲಿಂಕ್ ಅಂದರೆ ಗೊತ್ತಿಲ್ಲ ಅನ್ನುತ್ತದೆ. ಮೊದಲು ಸಿಎಂಡಿ ಅಂತ ಬರೆದು ಎಂಟರ್ ಒತ್ತಿ, ಆಮೇಲೆ ಕೊಡಿ. ಸ್ಲ್ಯಾಶ್ ಜೆ ಬದಲು ಸ್ಲ್ಯಾಶ್ ಡಿ ಹಾಕಿದರೆ ಸಿಂಬಾಲಿಕ್ ಲಿಂಕ್ ಅನ್ನುವ ಇನ್ನೊಂದು ಬಗೆಯ ಕೊಂಡಿ ಆಗುತ್ತದೆ, ಅದಕ್ಕೆ ಸಾಮಾನ್ಯವಾಗಿ ಅಡ್ಮಿನಿಸ್ಟ್ರೇಟರ್ ಆಗಿರಬೇಕು. ಮನೆಯ ಒಂದೇ ಕಂಪ್ಯೂಟರ್‌ನ ಎರಡು ಡ್ರೈವ್ ನಡುವೆ ಜಂಕ್ಷನ್ ಸಾಕು. ನೆಟ್‌ವರ್ಕ್‌ನಲ್ಲಿರುವ ಫೋಲ್ಡರ್‌ಗೆ ತೋರಿಸಬೇಕಾದರೆ ಮಾತ್ರ ಸಿಂಬಾಲಿಕ್ ಲಿಂಕ್ ಬೇಕು, ಆದರೆ ವೈಫೈ ಮೇಲಿರುವ ಡ್ರೈವ್‌ನಲ್ಲಿ ಪ್ರೋಗ್ರಾಂ ಡೇಟಾ ಇಡುವುದು ನನಗೆ ಹಿಡಿಸದ ವಿಷಯ.

ಕ್ರೋಮ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಆದ್ದರಿಂದ ಹೇಳಲೇಬೇಕು. ಸಾಗಿಸಬಹುದು. ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ ಅನ್ನುವ ಫೋಲ್ಡರ್ ಅದು. ಶಾರ್ಟ್‌ಕಟ್‌ನ ಟಾರ್ಗೆಟ್ ಸಾಲಿನ ಕೊನೆಗೆ ಯೂಸರ್-ಡೇಟಾ-ಡರ್ ಅನ್ನುವ ಸೂಚನೆ ಸೇರಿಸಿದರೆ ಅದು ಹೊಸ ಜಾಗದಿಂದ ಓದುತ್ತದೆ. ಆದರೆ ಆ ಸೂಚನೆ ಆ ಒಂದು ಶಾರ್ಟ್‌ಕಟ್‌ಗೆ ಮಾತ್ರ. ಮೇಲ್‌ನಲ್ಲಿ ಬಂದ ಲಿಂಕ್ ಮೇಲೆ ಕ್ಲಿಕ್ ಮಾಡಿದರೆ ಕ್ರೋಮ್ ಆ ಶಾರ್ಟ್‌ಕಟ್ ಮೂಲಕ ಬರುವುದಿಲ್ಲ, ಸಿಯಲ್ಲಿರುವ ಹಳೇ ಜಾಗಕ್ಕೇ ಹೋಗುತ್ತದೆ. ಬುಕ್‌ಮಾರ್ಕ್ ಇಲ್ಲ, ಲಾಗಿನ್ ಇಲ್ಲ, ಹೊಸ ಕ್ರೋಮ್ ಥರ. ಇದಕ್ಕೂ ಜಂಕ್ಷನ್ನೇ ವಾಸಿ. ಅದೇ ವಿಂಡೋಸ್ ಅಕೌಂಟ್‌ನಲ್ಲೇ ಇದ್ದರೆ ಪಾಸ್‌ವರ್ಡ್‌ಗಳಿಗೂ ತೊಂದರೆ ಇಲ್ಲ. ಅದೇ ಫೋಲ್ಡರನ್ನು ಇನ್ನೊಂದು ಕಂಪ್ಯೂಟರ್‌ಗೆ ಹೊತ್ತುಕೊಂಡು ಹೋದರೆ ಮಾತ್ರ ಪಾಸ್‌ವರ್ಡ್ ತೆರೆಯುವುದಿಲ್ಲ, ಅವನ್ನು ನಿಮ್ಮ ವಿಂಡೋಸ್ ಅಕೌಂಟ್‌ಗೆ ಕಟ್ಟಿಹಾಕಿ ಎನ್‌ಕ್ರಿಪ್ಟ್ ಮಾಡಿರುತ್ತದೆ.

ಆದರೂ ಡಿ ಡ್ರೈವ್ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಕ್ರೋಮನ್ನು ನಾನು ಮುಟ್ಟುವುದಿಲ್ಲ. ಬ್ರೌಸರ್ ಇಡೀ ದಿನ ಸಾವಿರಾರು ಸಣ್ಣ ಫೈಲ್‌ಗಳನ್ನು ಬರೆದು ಓದುತ್ತಿರುತ್ತದೆ, ಹಾರ್ಡ್ ಡಿಸ್ಕ್‌ಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ. ಒಂದು ಟ್ಯಾಬ್ ತೆರೆಯಲು ಕಾಯುವ ಸ್ಥಿತಿ ಬಂದರೆ ನಾಲ್ಕು ಜಿಬಿ ಉಳಿಸಿ ಏನು ಪ್ರಯೋಜನ? ಕ್ಯಾಶ್ ತೆರವು ಮಾಡಿ, ಬಿಟ್ಟುಬಿಡಿ. ಫೋನಿನ ಬ್ಯಾಕಪ್, ಹಳೇ ಮೇಲ್, ಆಟಗಳು, ಮಾಡೆಲ್‌ಗಳು, ಇಂಥ ದೊಡ್ಡ ಗಾತ್ರದ, ಅಪರೂಪಕ್ಕೆ ಮುಟ್ಟುವ ವಸ್ತುಗಳು ಡಿಗೆ ಹೋಗಲಿ. ದಿನವಿಡೀ ಕೈಯಾಡುವುದು ಸಿಯಲ್ಲಿರಲಿ.

ಆ್ಯಪ್‌ಡೇಟಾ ಫೋಲ್ಡರನ್ನೇ, ಅಥವಾ ಇಡೀ ಯೂಸರ್ಸ್ ಫೋಲ್ಡರನ್ನೇ ಡಿಗೆ ಹಾಕಿಬಿಡೋಣ ಅಲ್ವಾ, ಒಂದೇ ಸಲ ಮುಗಿಯುತ್ತೆ, ಅನ್ನುವವರೂ ಇದ್ದಾರೆ. ಬೇಡ. ಯೂಸರ್ ಪ್ರೊಫೈಲ್‌ಗಳ ಜಾಗವನ್ನು ಬೇರೆ ಡ್ರೈವ್‌ಗೆ ಬದಲಿಸಿದರೆ ಮುಂದೆ ವಿಂಡೋಸ್ ಅಪ್‌ಗ್ರೇಡ್ ಆಗುವುದಿಲ್ಲ ಅಂತ ಮೈಕ್ರೋಸಾಫ್ಟ್‌ನ ದಾಖಲೆಯಲ್ಲೇ ಎಚ್ಚರಿಕೆ ಇದೆ. ಒಂದೊಂದೇ ಫೋಲ್ಡರ್, ದೊಡ್ಡದು ಮಾತ್ರ.

ಜಂಕ್ಷನ್ ಹಾಕಿದ ಮೇಲೆ ಡಿ ಡ್ರೈವ್ ಯಾವಾಗಲೂ ಡಿ ಆಗಿಯೇ ಇರಬೇಕು. ಒಳಗಿನ ಡಿಸ್ಕ್ ಆದರೆ ಸಾಮಾನ್ಯವಾಗಿ ಬದಲಾಗುವುದಿಲ್ಲ. ಹೊರಗಿಂದ ಚುಚ್ಚುವ ಯುಎಸ್‌ಬಿ ಡ್ರೈವ್ ಆದರೆ ಇವತ್ತು ಇ, ನಾಳೆ ಎಫ್. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ವರ್ಣಮಾಲೆಯ ಕೊನೆಯ ಕಡೆಯ ಯಾವುದಾದರೂ ಅಕ್ಷರ ಕೊಟ್ಟುಬಿಡಿ, ಬೇರೆ ಪೆನ್‌ಡ್ರೈವ್ ಬಂದು ಆ ಅಕ್ಷರ ಹಿಡಿದುಕೊಳ್ಳುವ ಸಂಭವ ಕಡಿಮೆ. ಆ ಡ್ರೈವ್ ಹಳೇ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಯುವುದೇ ಇಲ್ಲ, ಒಂದು ಪೂರ್ತಿ ಇನ್‌ಬಾಕ್ಸ್ ಆ ಗಡಿ ದಾಟಲು ಕಷ್ಟವೇನಿಲ್ಲ. ಎನ್‌ಟಿಎಫ್‌ಎಸ್ ಇರಲಿ. ಡಿ ಡ್ರೈವ್‌ಗೆ ಬಿಟ್‌ಲಾಕರ್ (ಇಡೀ ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ ಆಟೋ ಅನ್‌ಲಾಕ್ ಆನ್ ಮಾಡಿ, ಇಲ್ಲದಿದ್ದರೆ ಲಾಗಿನ್ ಆದ ಕೂಡಲೇ ಏಳುವ ಪ್ರೋಗ್ರಾಂಗಳಿಗೆ ತಮ್ಮ ಫೋಲ್ಡರ್ ಸಿಗುವುದಿಲ್ಲ. ಹೊಸ ಫೋಲ್ಡರನ್ನು ಒನ್‌ಡ್ರೈವ್ ಒಳಗೆ ಇಡಬೇಡಿ. ತೆರೆದಿರುವ ಡೇಟಾಬೇಸನ್ನು ಸಿಂಕ್ ಮಾಡಲು ಅದು ಪ್ರಯತ್ನಿಸುತ್ತಲೇ ಇರುತ್ತದೆ, ಇಬ್ಬರ ಕಿತ್ತಾಟದಲ್ಲಿ ಫೈಲ್ ಹಾಳು. ಫೋಲ್ಡರ್ ಹೆಸರು ಚಿಕ್ಕದಾಗಿ, ಸ್ಪೇಸ್ ಇಲ್ಲದೆ, ಇಂಗ್ಲಿಷ್ ಅಕ್ಷರದಲ್ಲಿ ಇಡಿ. ವಿಂಡೋಸ್‌ಗೆ ಕನ್ನಡ ಹೆಸರು ಸಮಸ್ಯೆಯೇ ಅಲ್ಲ, ಆದರೆ ಕೆಲವು ಹಳೇ ಪ್ರೋಗ್ರಾಂಗಳು ಕನ್ನಡ ಅಕ್ಷರದ ಪಾತ್ ಕಂಡರೆ ಈಗಲೂ ಮುನಿಸಿಕೊಳ್ಳುತ್ತವೆ.

ಎಲ್ಲಕ್ಕಿಂತ ಮುಖ್ಯವಾಗಿ ಬ್ಯಾಕಪ್. ನೀವು ಸಿ ಡ್ರೈವ್‌ಗೆ ಮಾತ್ರ ಬ್ಯಾಕಪ್ ಇಟ್ಟುಕೊಂಡಿದ್ದರೆ ಡೇಟಾ ಈಗ ಅದರೊಳಗೆ ಇಲ್ಲ. ಎಷ್ಟೋ ಬ್ಯಾಕಪ್ ಪ್ರೋಗ್ರಾಂಗಳು ಜಂಕ್ಷನ್ ಕಂಡರೆ ದಾಟಿ ಮುಂದೆ ಹೋಗುತ್ತವೆ, ಒಳಗೆ ಹೊಕ್ಕು ನೋಡುವುದಿಲ್ಲ. ಡಿಯಲ್ಲಿರುವ ಆ ಫೋಲ್ಡರನ್ನೂ ಪಟ್ಟಿಗೆ ಸೇರಿಸಿ. ಹಳೇ ಹಾರ್ಡ್ ಡಿಸ್ಕ್‌ಗಳ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ.

ಲಿನಕ್ಸ್ ಬಳಸುವವರಿಗೆ ಇಷ್ಟೆಲ್ಲ ಬೇಕಿಲ್ಲ, ಎಲ್‌ಎನ್ ಮೈನಸ್ ಎಸ್ ನಿಮಗೆ ಗೊತ್ತೇ ಇದೆ. ಉಬುಂಟುವಿನಲ್ಲಿ ಸ್ನ್ಯಾಪ್ ಆಗಿ ಬರುವ ಫೈರ್‌ಫಾಕ್ಸ್ ಮಾತ್ರ ಹೋಮ್ ಫೋಲ್ಡರ್‌ನಿಂದ ಹೊರಗೆ ಹೋಗುವ ಕೊಂಡಿಯನ್ನು ಹಿಂಬಾಲಿಸಲು ಒಪ್ಪದೆ ಇರಬಹುದು, ಅದರ ಬೇಲಿಯೇ ಹಾಗೆ.

ವಾಪಸ್ ತರುವುದು ಸುಲಭ. ಪ್ರೋಗ್ರಾಂ ಮುಚ್ಚಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಆರ್‌ಎಂಡಿಐಆರ್ ಅಂತ ಬರೆದು ಜಂಕ್ಷನ್‌ನ ವಿಳಾಸ ಕೊಡಿ. ಸ್ಲ್ಯಾಶ್ ಎಸ್ ಸೇರಿಸಬೇಡಿ. ಹೋಗುವುದು ಕೊಂಡಿ ಮಾತ್ರ, ಡಿಯಲ್ಲಿರುವ ಡೇಟಾಕ್ಕೆ ಏನೂ ಆಗುವುದಿಲ್ಲ. ಆಮೇಲೆ ಡಿಯಿಂದ ಫೋಲ್ಡರನ್ನು ಹಳೇ ಜಾಗಕ್ಕೆ ಕಾಪಿ ಮಾಡಿದರೆ ಮೊದಲಿನ ಹಾಗೇ.

ಸಿ ಡ್ರೈವ್ 128ರದ್ದೇ ಆದರೆ, ಎಷ್ಟು ಸಾಗಿಸಿದರೂ ವಿಂಡೋಸ್‌ನ ಮುಂದಿನ ದೊಡ್ಡ ಅಪ್‌ಡೇಟ್ ಹೊತ್ತಿಗೆ ಮತ್ತೆ ಜಾಗಕ್ಕೆ ಪರದಾಟ ಆಗಬಹುದು. ಆಗ ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ ದೊಡ್ಡ ಎಸ್‌ಎಸ್‌ಡಿ ತಂದು ಕ್ಲೋನ್ (ಹಳೇ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೇ ನಕಲು) ಮಾಡುವುದೇ ವಾಸಿ. ಅಂಗಡಿಯವರ ಮೊದಲ ಪ್ರಶ್ನೆ ‘ಸಾಟಾನಾ, ಎನ್‌ವಿಎಂಇನಾ’ ಅಂತ. ಎಸ್‌ಎಸ್‌ಡಿ ಕಂಪ್ಯೂಟರ್ ಜೊತೆ ಮಾತಾಡುವ ಎರಡು ರೀತಿ ಇವು. ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಹೊರಗಿಂದ ಒಂದೇ ಥರ ಕಂಡರೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಟಾ ಮಾತ್ರ ಓದುತ್ತದೆ, ಕೆಲವದರಲ್ಲಿ ಎನ್‌ವಿಎಂಇ ಮಾತ್ರ. ನಿಮ್ಮ ಲ್ಯಾಪ್‌ಟಾಪ್ ಮಾಡೆಲ್ ನಂಬರ್ ಮತ್ತು ಈಗ ಒಳಗಿರುವ ಎಸ್‌ಎಸ್‌ಡಿಯ ಲೇಬಲ್, ಎರಡರ ಫೋಟೋನೂ ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಹಳೇ ಎಸ್‌ಎಸ್‌ಡಿ ಅಲ್ಲೇ ಬಿಟ್ಟು ಬರಬೇಡಿ, ಅದರಲ್ಲಿ ನಿಮ್ಮ ಮೇಲ್, ಪಾಸ್‌ವರ್ಡ್ ಎಲ್ಲ ಇನ್ನೂ ಇರುತ್ತವೆ.